ಫೇಕ್ ರಿವ್ಯೂ ಅಂತ ರಿಪೋರ್ಟ್ ಹೊಡೆಯೋ ಮುಂಚೆ ಕಂಪ್ಲೇಂಟ್ ರಿಜಿಸ್ಟರ್ ತೆಗೆದು ನೋಡಿ

ಅಪಾರ್ಟ್‌ಮೆಂಟ್ ಮ್ಯಾನೇಜ್‌ಮೆಂಟ್ ಕೆಲಸದಲ್ಲಿರೋರು ಇಬ್ರು ಸೇರಿದ್ರೆ ಸಾಕು, ಪಂಪು, ಲಿಫ್ಟು, ಸೆಕ್ಯೂರಿಟಿ ಮಾತೆಲ್ಲ ಮುಗಿದ್ಮೇಲೆ ಬಂದು ನಿಲ್ಲೋದು ರಿವ್ಯೂ ವಿಷಯಕ್ಕೇ. "ಯಾರೋ ಒನ್ ಸ್ಟಾರ್ ಹಾಕ್ಬಿಟ್ಟಿದಾರೆ, ಫೇಕು ಅದು, ತೆಗೆಸೋದು ಹೆಂಗೆ?" ಈ ಪ್ರಶ್ನೆ ನನಗೆ ಎಷ್ಟು ಜನ ಕೇಳಿದಾರೆ ಅಂದ್ರೆ, ಪ್ರತಿಯೊಬ್ರಿಗೂ ಬೇರೆ ಬೇರೆ ಹೇಳೋ ಬದಲು ಒಂದ್ಸಲ ಕೂತು ಎಲ್ಲಾ ಬರೆದುಬಿಡೋಣ ಅನ್ನಿಸ್ತು. ನಮ್ಮ ಟೀಮಲ್ಲಿ ಬೆಳಿಗ್ಗೆ ಟಿಕೆಟ್ (ಅಂದ್ರೆ ರೆಸಿಡೆಂಟ್‌ಗಳು ಕೊಟ್ಟ ದೂರು) ನೋಡಿದ್ಮೇಲೆ ಬಿಲ್ಡಿಂಗ್‌ಗಳ ಗೂಗಲ್ ರಿವ್ಯೂ ಪೇಜ್ ನೋಡೋದು ನನ್ನ ಡ್ಯೂಟಿ, ಹಾಗಾಗಿ ಒಳ್ಳೇದು ಕೆಟ್ಟದ್ದು ಎರಡೂ ಬೇಕಾದಷ್ಟು ಓದಿದೀನಿ.

ನಾನು ಕಂಡಿದ್ದನ್ನ ನೇರವಾಗಿ ಹೇಳ್ತೀನಿ. ನಾವು ಫೇಕು ಅಂತ ಕರೆಯೋ ಒನ್ ಸ್ಟಾರ್‌ಗಳಲ್ಲಿ ಸುಮಾರು ಫೇಕ್ ಅಲ್ವೇ ಅಲ್ಲ. ನಿಜವಾದ ಫೇಕ್ ಜಾಸ್ತಿ ಇರೋದು ಫೈವ್ ಸ್ಟಾರ್ ಕಡೆ, ಅದನ್ನ ಹಾಕಿಸ್ತಿರೋದು ನಮ್ಮ ಫೀಲ್ಡ್‌ನೋರೇ. ಈ ಎರಡನೇ ಮಾತು ಯಾರಿಗೂ ಇಷ್ಟ ಆಗಲ್ಲ ಅಂತ ಗೊತ್ತು.

ಇದಕ್ಕೆ ನಾನು ಇಷ್ಟು ತಲೆ ಕೆಡಿಸ್ಕೊಳ್ಳೋದು ಯಾಕೆ ಅಂದ್ರೆ, ಚಪ್ಪಲಿ ತಗೊಂಡು ಸರಿ ಇಲ್ಲ ಅಂದ್ರೆ ವಾಪಸ್ ಕೊಡಬಹುದು, ಮನೆ ಹಾಗಲ್ಲ. ರಿವ್ಯೂ ನಂಬಿ ಅಡ್ವಾನ್ಸ್ ಕೊಟ್ಟು, ಅಗ್ರಿಮೆಂಟ್‌ಗೆ ಸೈನ್ ಹಾಕಿ, ಸಾಮಾನೆಲ್ಲ ಸಾಗಿಸಿ, ಮಕ್ಕಳನ್ನ ಹೊಸ ಸ್ಕೂಲಿಗೆ ಸೇರಿಸಿದ್ಮೇಲೆ ಗೊತ್ತಾಗತ್ತೆ ನೀರು ವಾರಕ್ಕೆರಡು ದಿನ ಬರಲ್ಲ ಅಂತ. ಆಗ ಆ ಮನುಷ್ಯ ಎಲ್ಲಿಗೆ ಹೋಗ್ಬೇಕು? ಅಗ್ರಿಮೆಂಟ್ ಮುಗಿಯೋ ತನಕ ಅಲ್ಲೇ ಒದ್ದಾಡ್ಬೇಕು.

ಮೊದ್ಲು ನಿಜವಾದ ಫೇಕ್ ಒನ್ ಸ್ಟಾರ್ ಬಗ್ಗೆ. ಅದೂ ಇದೆ, ಇಲ್ಲ ಅಂತ ಹೇಳ್ತಿಲ್ಲ. ನಾವು ನೋಡ್ಕೊಳ್ಳೋ ಒಂದು ಬಿಲ್ಡಿಂಗಿಗೆ ಒಂದ್ಸಲ ರಿವ್ಯೂ ಬಂತು, ಸ್ವಿಮ್ಮಿಂಗ್ ಪೂಲ್ ನೀರು ಹಸಿರು ಬಣ್ಣಕ್ಕೆ ತಿರುಗಿದೆ, ಮಗೂಗೆ ಚರ್ಮದ ಅಲರ್ಜಿ ಆಯ್ತು, ಮ್ಯಾನೇಜರ್ ಕೇರ್ ಮಾಡಲ್ಲ ಅಂತ. ಆ ಬಿಲ್ಡಿಂಗಲ್ಲಿ ಪೂಲೇ ಇಲ್ಲ. ಪ್ರೊಫೈಲ್ ತೆಗೆದು ನೋಡಿದ್ರೆ ಅದೇ ದಿನ ಒಂದಕ್ಕೊಂದು ಸಂಬಂಧನೇ ಇಲ್ಲದ ನಾಲ್ಕಾರು ಊರುಗಳ ಅಪಾರ್ಟ್‌ಮೆಂಟ್‌ಗಳಿಗೆ ರಿವ್ಯೂ ಹಾಕಿದೆ ಆ ಅಕೌಂಟು, ಕೆಲವಕ್ಕೆ ಒಂದು, ಕೆಲವಕ್ಕೆ ಐದು. ಇದು ದುಡ್ಡಿಗೆ ಬರೆದಿದ್ದು ಅಂತ ಹೇಳೋಕೆ ಜಾಸ್ತಿ ಯೋಚ್ನೆ ಬೇಕಿಲ್ಲ, ರಿಪೋರ್ಟ್ ಮಾಡಿದ್ವಿ, ಸ್ವಲ್ಪ ದಿನಕ್ಕೆ ಹೋಯ್ತು.

ಆದ್ರೆ ಎಲ್ಲಾ ಇಷ್ಟು ಸಲೀಸಾಗಿ ಗೊತ್ತಾಗಲ್ಲ. ಒಂದೇ ಥರ ಹೆಸರಿರೋ ಬಿಲ್ಡಿಂಗ್‌ಗಳು ಎಷ್ಟಿಲ್ಲ, ಪಕ್ಕದ ಏರಿಯಾದ ಬಿಲ್ಡಿಂಗ್ ಮೇಲಿನ ಸಿಟ್ಟನ್ನ ಪಾಪ ನಮ್ಮ ಪೇಜಲ್ಲಿ ಬರೆದಿರ್ತಾರೆ, ಅದ್ರಲ್ಲಿ ದುರುದ್ದೇಶ ಏನೂ ಇರಲ್ಲ, ಮರ್ಯಾದೆಯಿಂದ ಹೇಳಿದ್ರೆ ಅವ್ರೇ ತೆಗೀತಾರೆ. ಇನ್ನು ಮನೆ ನೋಡೋಕೆ ಬಂದು ಅಪ್ಲಿಕೇಷನ್ ರಿಜೆಕ್ಟ್ ಆದೋರು, ಬಾಡಿಗೆದಾರರ ಮನೆಗೆ ಬಂದು ಪಾರ್ಕಿಂಗಿಗೆ ಜಗಳ ಆದ ನೆಂಟರು, ಇವ್ರೆಲ್ಲ "ನಮ್ಮ ರೆಸಿಡೆಂಟ್ ಅಲ್ಲ" ನಿಜ, ಆದ್ರೆ ನಮ್ಮ ಆಫೀಸ್ ಜೊತೆ ವ್ಯವಹಾರ ಆಗಿದೆ, ಅವ್ರ ಅನುಭವ ಸುಳ್ಳಲ್ಲ. ಲಿಸ್ಟಲ್ಲಿ ಹೆಸರಿಲ್ಲ ಅನ್ನೋ ಒಂದೇ ಕಾರಣಕ್ಕೆ ಫೇಕು ಅನ್ನೋದು ತಪ್ಪು.

ಇದಕ್ಕೊಂದು ಉದಾಹರಣೆ ಕೊಡ್ತೀನಿ, ಈ ಪೋಸ್ಟ್ ಬರೆಯೋಕೆ ಮುಖ್ಯ ಕಾರಣನೂ ಇದೇ. ಫೋಟೋ ಇಲ್ಲದ, ಅಡ್ಡಹೆಸರಿನ ಒಂದು ಅಕೌಂಟಿಂದ ಒನ್ ಸ್ಟಾರ್ ಬಂತು. ರಾತ್ರಿ ಎರಡು ಗಂಟೆಗೆ ಗೋಡೆ ನಡುಗತ್ತೆ, ಮಲಗೋಕೆ ಆಗಲ್ಲ, ಎಷ್ಟು ಸಲ ಹೇಳಿದ್ರೂ ಬಂದು ನೋಡಿ ಏನೂ ಇಲ್ಲ ಅಂತ ಹೋಗ್ತಾರೆ ಅಂತ. ಟೀಮಲ್ಲಿ ಎಲ್ರೂ ಒಂದೇ ಮಾತು, ಇದು ಫೇಕು, ಈ ಹೆಸರಿನೋರು ಯಾರೂ ಇಲ್ಲ, ಅಕೌಂಟ್‌ಗೆ ಇದೊಂದೇ ರಿವ್ಯೂ, ರಿಪೋರ್ಟ್ ಮಾಡಿ. ನಾನು ಒಂದು ದಿನ ತಡೀರಿ ಅಂದು ಕಂಪ್ಲೇಂಟ್ ರಿಜಿಸ್ಟರ್ ತೆಗೆದೆ. ಬೇಸ್‌ಮೆಂಟ್ ಪಂಪ್ ರೂಮಿನ ನೇರ ಮೇಲಿರೋ ಫ್ಲಾಟಿಂದ ಅದೇ ದೂರು, ಒಂದಲ್ಲ ಎರಡಲ್ಲ, ಪ್ರತಿ ಸಲ ಟೆಕ್ನಿಷಿಯನ್ ಹಗಲು ಹೊತ್ತಲ್ಲಿ ಹೋಗಿ "ಚೆಕ್ ಮಾಡಿದೆ, ಸರಿ ಇದೆ" ಅಂತ ಬರೆದು ಕ್ಲೋಸ್ ಮಾಡಿದಾನೆ. ಅವನ ಕಣ್ಣಿಗೆ ಸರಿಯಾಗೇ ಇತ್ತು, ಯಾಕಂದ್ರೆ ಓವರ್‌ಹೆಡ್ ಟ್ಯಾಂಕ್ ತುಂಬಿಸೋ ಪಂಪು ಟೈಮರಲ್ಲಿ ಆನ್ ಆಗೋದೇ ನಡುರಾತ್ರಿ! ಹಗಲಲ್ಲಿ ಹೋದ್ರೆ ಏನು ಕೇಳ್ಸತ್ತೆ. ಪಂಪಿನ ಕೆಳಗಿನ ರಬ್ಬರ್ ಪ್ಯಾಡ್ ಪೂರ್ತಿ ಸವೆದು ಕಬ್ಬಿಣ ನೇರ ಕಾಂಕ್ರೀಟಿಗೆ ತಾಗ್ತಿತ್ತು, ಆ ನಡುಕ ಪೈಪ್ ಹಿಡ್ಕೊಂಡು ಮೇಲಿನ ಬೆಡ್‌ರೂಮ್ ಗೋಡೆಗೆ ಹೋಗ್ತಿತ್ತು. ಪ್ಯಾಡ್ ಬದಲಾಯಿಸಿ, ಪೈಪ್ ಕ್ಲಾಂಪಿಗೆ ರಬ್ಬರ್ ಹಾಕಿ, ಟೈಮರ್ ಸಂಜೆಗೆ ತಂದ್ವಿ. ಅವ್ರು ಆ ಒನ್ ಸ್ಟಾರ್ ತೆಗೀಲಿಲ್ಲ, ನಾವು ಕೇಳ್ಲೂ ಇಲ್ಲ, ಕೇಳೋ ಹಕ್ಕು ನಮಗಿಲ್ಲ. ಅಷ್ಟು ದಿನ ಅವ್ರು ನಿದ್ದೆ ಕಳ್ಕೊಂಡಿದ್ದು ನಿಜ ತಾನೇ.

ಆ ರಿವ್ಯೂನಲ್ಲಿ ಒಂದು ವಿಷಯ ಗಮನಿಸಿ: ಗೋಡೆ, ರಾತ್ರಿ ಎರಡು ಗಂಟೆ, ಬಂದು ನೋಡಿ ಹೋಗೋದು. ಜಾಗ ಇದೆ, ಹೊತ್ತು ಇದೆ. 2011ರಲ್ಲಿ ಕಾರ್ನೆಲ್ ಯೂನಿವರ್ಸಿಟಿಯವ್ರು ಶಿಕಾಗೋದ 20 ಹೋಟೆಲ್‌ಗಳ ಬಗ್ಗೆ 400 ನಿಜ ರಿವ್ಯೂ, ದುಡ್ಡು ಕೊಟ್ಟು ಬರೆಸಿದ 400 ಸುಳ್ಳು ರಿವ್ಯೂ ಇಟ್ಕೊಂಡು ಒಂದು ಅಧ್ಯಯನ ಮಾಡಿದ್ರು. ಮನುಷ್ಯರಿಗೆ ಕೊಟ್ಟು ಯಾವ್ದು ಸುಳ್ಳು ಹೇಳಿ ಅಂದ್ರೆ ನಾಣ್ಯ ಚಿಮ್ಮಿದಷ್ಟೇ ಸರಿ ಬರ್ತಿತ್ತು, ಕಂಪ್ಯೂಟರ್ ಮಾತ್ರ ಹತ್ತಕ್ಕೆ ಒಂಬತ್ತು ಸರಿ ಹೇಳ್ತಿತ್ತು. ಸುಳ್ಳು ಬರೆಯೋರು ಅಲ್ಲಿ ಇದ್ದೇ ಇಲ್ಲವಲ್ಲ, ಹಾಗಾಗಿ ರೂಮು, ಬಾತ್‌ರೂಮು, ಜಾಗದ ವಿವರ ಕಮ್ಮಿ, ಬದಲಿಗೆ ನಾನು, ನನ್ನ ಗಂಡ, ನಮ್ಮ ಟ್ರಿಪ್ಪು ಅನ್ನೋದು ಜಾಸ್ತಿ. ಹೋಟೆಲ್ ಬೇರೆ ಅಪಾರ್ಟ್‌ಮೆಂಟ್ ಬೇರೆ, ಈಗ ಎಐ ಕೈಲಿ ಬರೆಸಿದ್ರೆ ಬೇಕಾದ ವಿವರ ತುಂಬಬಹುದು, ಅದೂ ಒಪ್ತೀನಿ. ಆದ್ರೂ "ನನ್ನ ಕಣ್ಣಿಗೆ ನೋಡಿದ್ರೆ ಗೊತ್ತಾಗತ್ತೆ" ಅನ್ನೋ ಮ್ಯಾನೇಜರ್‌ಗಳಿಗೆ ಇದನ್ನ ಹೇಳ್ಲೇಬೇಕು. ಗೊತ್ತಾಗಲ್ಲ ಸ್ವಾಮಿ. ರಿಜಿಸ್ಟರ್ ನೋಡಿದ್ರೆ ಮಾತ್ರ ಗೊತ್ತಾಗೋದು.

ಸರಿ, ನೋಡಿದ್ರಿ, ನಿಜವಾಗ್ಲೂ ಫೇಕೇ ಅಂತ ಆಯ್ತು. ಆಗ ಮೊದ್ಲು ಸ್ಕ್ರೀನ್‌ಶಾಟ್ ತೆಗೀರಿ, ರಿವ್ಯೂದು ಮಾತ್ರ ಅಲ್ಲ, ಆ ಪ್ರೊಫೈಲ್‌ದೂ, ಆಮೇಲೆ ಅವ್ರು ಎಡಿಟ್ ಮಾಡಿದ್ರೆ ಕೈಲಿ ಏನೂ ಇರಲ್ಲ. ಗೂಗಲ್‌ನೋರು ರಿವ್ಯೂ ತೆಗೆಯೋದು ಅವ್ರ ಪಾಲಿಸಿ ಮುರಿದಿದ್ರೆ ಮಾತ್ರ. ಲಿಫ್ಟ್ ಕೆಟ್ಟಿತ್ತಾ ಇಲ್ವಾ ಅಂತ ಇಬ್ರ ಮಧ್ಯೆ ತೀರ್ಪು ಕೊಡೋಕೆ ಅವ್ರು ಬರಲ್ಲ. ಅದಕ್ಕೆ "ಇದು ಸುಳ್ಳು" ಅಂತ ಉದ್ದ ಬರೆದ್ರೆ ಪ್ರಯೋಜನ ಇಲ್ಲ, ಸ್ಪ್ಯಾಮಾ, ಹಿತಾಸಕ್ತಿ ಸಂಘರ್ಷವಾ, ಬೈಗುಳವಾ, ಯಾರದ್ದೋ ಖಾಸಗಿ ಮಾಹಿತಿ ಹಾಕಿದಾರಾ, ಸರಿಯಾದ ಕಾರಣ ಆರಿಸಿ. ಒಪ್ಪಲಿಲ್ಲ ಅಂದ್ರೆ ಅಪೀಲ್ ಒಂದ್ಸಲ ಮಾತ್ರ ಮಾಡಬಹುದು, ಅದಕ್ಕೆ ಆಧಾರ ರೆಡಿ ಇಟ್ಕೊಂಡೇ ಮಾಡಿ. ಸ್ಟಾಫ್‌ನೆಲ್ಲ ಕೂರಿಸಿ ಎಲ್ರ ಫೋನಿಂದ ರಿಪೋರ್ಟ್ ಹೊಡೆಸೋದೆಲ್ಲ ಬೇಡ.

ಅದು ಹೋಗೋ ತನಕ ಒಂದು ಉತ್ತರ ಬರೀಬೇಕು. ಇಲ್ಲೇ ಜಾಸ್ತಿ ಜನ ಕೆಲಸ ಕೆಡಿಸ್ಕೊಳ್ಳೋದು. ಸಿಟ್ಟಲ್ಲಿ "ನೀವು ಬಾಡಿಗೆ ಬಾಕಿ ಇಟ್ಕೊಂಡು ಓಡಿಹೋಗಿದ್ದು ಮರೆತ್ರಾ" ಅಂತ ಫ್ಲಾಟ್ ನಂಬರ್ ಸಮೇತ ಬರೆದಿರೋದನ್ನ ನಾನೇ ಓದಿದೀನಿ. ಒಬ್ಬರ ಬಾಕಿ, ಫ್ಲಾಟ್ ನಂಬರ್, ಜಗಳ, ಇದ್ಯಾವ್ದೂ ಪಬ್ಲಿಕ್ ಪೇಜಲ್ಲಿ ಹಾಕೋ ಹಕ್ಕು ನಮಗಿಲ್ಲ, ಕಾನೂನಿನ ತೊಂದ್ರೆ ಒಂದು ಕಡೆ, ಅದನ್ನ ಓದೋ ಮುಂದಿನ ಬಾಡಿಗೆದಾರರು ನಾಳೆ ನನ್ನ ಬಗ್ಗೆನೂ ಹೀಗೇ ಬರೀತಾರೆ ಅಂದ್ಕೊಳ್ತಾರೆ. ನಾವು ಪೂಲ್ ರಿವ್ಯೂಗೆ ಬರೆದಿದ್ದು ಇಷ್ಟೇ: "ಈ ಬಿಲ್ಡಿಂಗಿನಲ್ಲಿ ಸ್ವಿಮ್ಮಿಂಗ್ ಪೂಲ್ ಇಲ್ಲ. ಬೇರೆ ಅಪಾರ್ಟ್‌ಮೆಂಟ್ ಬಗ್ಗೆ ಬರೆದಿರಬಹುದು. ನಮ್ಮಲ್ಲೇ ತೊಂದ್ರೆ ಆಗಿದ್ರೆ ಆಫೀಸಿಗೆ ಫೋನ್ ಮಾಡಿ, ಅದೇ ದಿನ ನೋಡ್ತೀವಿ." ಉತ್ತರ ಓದೋದು ಆ ರಿವ್ಯೂ ಬರೆದೋರಲ್ಲ, ಮನೆ ಹುಡುಕ್ತಿರೋರು, ಅವ್ರನ್ನ ಮನಸ್ಸಲ್ಲಿ ಇಟ್ಕೊಂಡು ಬರೀರಿ.

ದುಡ್ಡು ಕೊಡಿ ಕೆಟ್ಟ ರಿವ್ಯೂ ತೆಗೆಸ್ತೀವಿ ಅಂತ ಮೆಸೇಜ್ ಬರತ್ತಲ್ಲ, ಅದನ್ನ ಬ್ಲಾಕ್ ಮಾಡಿ. ಹೊರಗಿನ ಯಾವ ಏಜೆನ್ಸಿಗೂ ರಿವ್ಯೂ ಡಿಲೀಟ್ ಮಾಡೋ ಅಧಿಕಾರ ಇಲ್ಲ. "ಡೆಪಾಸಿಟ್ ಪೂರ್ತಿ ಕೊಡದಿದ್ರೆ ಒನ್ ಸ್ಟಾರ್" ಅನ್ನೋರಿಗೆ ಹೆದರಿ ಲೆಕ್ಕ ಬದಲಾಯಿಸ್ಬೇಡಿ, ಆದ್ರೆ ನಿಮ್ಮ ಲೆಕ್ಕ ಮೊದ್ಲು ಸರಿ ಇದ್ಯಾ ನೋಡ್ಕೊಳ್ಳಿ, ಯಾವ ಗೋಡೆಗೆ ಎಷ್ಟು ಕಡಿತ ಅಂತ ಫೋಟೋ ಸಮೇತ ಕೊಟ್ಟಿದ್ರೆ ಆ ಬೆದರಿಕೆಗೆ ಜಾಗನೇ ಇರಲ್ಲ.

ಈಗ ಫೈವ್ ಸ್ಟಾರ್ ವಿಷಯಕ್ಕೆ ಬರ್ತೀನಿ, ನನಗೆ ನಿಜವಾಗ್ಲೂ ಸಂಕಟ ಆಗೋದು ಇಲ್ಲೇ. ಕೀ ಕೊಡೋ ಹೊತ್ತಲ್ಲಿ ಟ್ಯಾಬ್ ಮುಂದಿಟ್ಟು "ಒಂದು ಫೈವ್ ಸ್ಟಾರ್ ಹಾಕ್ಬಿಡಿ" ಅಂತಾರೆ, ಆ ಮನುಷ್ಯ ಆ ಮನೇಲಿ ಒಂದು ರಾತ್ರಿನೂ ಮಲಗಿಲ್ಲ, ನಲ್ಲಿ ತಿರುಗಿಸಿ ನೋಡಿಲ್ಲ, ಅವ್ನು ಏನಂತ ಬರೀತಾನೆ? "ಸೂಪರ್ ಪ್ಲೇಸ್, ಫ್ರೆಂಡ್ಲಿ ಸ್ಟಾಫ್". ಇನ್ನು ಕೆಲವ್ರು ಫೈವ್ ಸ್ಟಾರ್ ಹಾಕಿದ್ರೆ ಮೇಂಟೆನೆನ್ಸಲ್ಲಿ ಡಿಸ್ಕೌಂಟ್ ಅಂತಾರೆ, ಆಫೀಸ್ ಸ್ಟಾಫು, ಅವ್ರ ಅಣ್ಣತಮ್ಮಂದಿರು, ಎಲ್ರ ಕೈಲೂ ರೆಸಿಡೆಂಟ್ ಥರ ಬರೆಸ್ತಾರೆ. ಎಲ್ರೂ ಮಾಡ್ತಾರೆ ಬಿಡಿ ಅನ್ನೋ ಕಾಲ ಮುಗೀತು. ಯುರೋಪಿಯನ್ ಯೂನಿಯನ್ನಲ್ಲಿ 2022ರ ಮೇ ತಿಂಗಳಿಂದ, ಬ್ರಿಟನ್ನಲ್ಲಿ 2025ರ ಏಪ್ರಿಲಿಂದ ಫೇಕ್ ರಿವ್ಯೂ ಹಾಕಿಸೋದು ನೇರವಾಗಿ ನಿಷೇಧ. ಅಮೆರಿಕದಲ್ಲಿ ಗ್ರಾಹಕರ ರಕ್ಷಣೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಟಿಸಿಯ ನಿಯಮ 2024ರ ಅಕ್ಟೋಬರ್ 21ಕ್ಕೆ ಜಾರಿಗೆ ಬಂತು, ಅದ್ರಲ್ಲಿ ದುಡ್ಡು ಕೊಟ್ಟು ಕೊಳ್ಳೋದು ಮಾತ್ರ ಅಲ್ಲ, "ಒಳ್ಳೇದು ಬರೆದ್ರೆ ಮಾತ್ರ" ಅನ್ನೋ ಷರತ್ತಿನ ಆಫರ್ರು, ಸ್ಟಾಫ್ ತಮ್ಮ ಸಂಬಂಧ ಮುಚ್ಚಿಟ್ಟು ಬರೆಯೋದೂ ಸೇರಿದೆ. ಭಾರತದಲ್ಲಿ 2022ರ ನವೆಂಬರಲ್ಲಿ ಆನ್‌ಲೈನ್ ರಿವ್ಯೂಗಳನ್ನ ಹೆಂಗೆ ಸಂಗ್ರಹಿಸಿ ಪ್ರಕಟಿಸ್ಬೇಕು ಅನ್ನೋದಕ್ಕೆ ಐಎಸ್ 19000:2022 ಅನ್ನೋ ಮಾನದಂಡ ಬಂತು. ಬಾಡಿಗೆ ರೂಮು ಹುಡುಕೋ ರೂಮ್‌ಸ್ಟರ್ ಅನ್ನೋ ಪ್ಲಾಟ್‌ಫಾರ್ಮ್ ಮೇಲೆ ಎಫ್‌ಟಿಸಿ ಮತ್ತೆ ಆರು ರಾಜ್ಯಗಳು 2022ರಲ್ಲಿ ಕೇಸ್ ಹಾಕಿದ್ವು, ಸಾವಿರಾರು ಫೇಕ್ ರಿವ್ಯೂ ಕೊಂಡು ಜನರನ್ನ ನಂಬಿಸಿದ್ರು ಅನ್ನೋ ಆರೋಪ, ಕಮ್ಮಿ ಬಾಡಿಗೆಗೆ ಮನೆ ಹುಡುಕೋರು, ಸ್ಟೂಡೆಂಟ್‌ಗಳು ದುಡ್ಡು ಕಳ್ಕೊಂಡ್ರು ಅಂತ. ಗೂಗಲ್ ಕೂಡ 2024ರಲ್ಲಿ ಪಾಲಿಸಿ ಮುರಿದ 24 ಕೋಟಿಗೂ ಜಾಸ್ತಿ ರಿವ್ಯೂ ತಡೆದಿದೀವಿ ಅಥವಾ ತೆಗೆದಿದೀವಿ ಅಂತ ಹೇಳಿದೆ, ಸಿಕ್ಕಿಬಿದ್ದ ಬಿಸಿನೆಸ್ ಪೇಜಿಗೆ ಸ್ವಲ್ಪ ಕಾಲ ಹೊಸ ರಿವ್ಯೂ ಬಂದ್ ಮಾಡ್ತಾರೆ, ಫೇಕ್ ರಿವ್ಯೂ ತೆಗೆಯಲಾಗಿದೆ ಅಂತ ಎಲ್ರಿಗೂ ಕಾಣೋ ಹಾಗೆ ಬೋರ್ಡ್ ಹಾಕ್ತಾರೆ. ಮನೆ ಹುಡುಕೋರು ಆ ಬೋರ್ಡ್ ನೋಡಿದ್ರೆ ಯಾಕೆ ಫೋನ್ ಮಾಡ್ತಾರೆ?

ಅಗ್ರಿಮೆಂಟಲ್ಲೇ "ಆನ್‌ಲೈನಲ್ಲಿ ಕೆಟ್ಟದ್ದು ಬರೆಯೋ ಹಾಗಿಲ್ಲ, ಬರೆದ್ರೆ ದಂಡ" ಅಂತ ಒಂದು ಸಾಲು ಸೇರಿಸೋರೂ ಇದಾರೆ. ಅಮೆರಿಕದಲ್ಲಿ 2016ರ ಕಾನೂನಿನ ಪ್ರಕಾರ ಅಂಥ ಸಾಲಿಗೆ ಬೆಲೆ ಇಲ್ಲ, 2019ರಲ್ಲಿ ಒಂದು ಪ್ರಾಪರ್ಟಿ ಮ್ಯಾನೇಜ್‌ಮೆಂಟ್ ಕಂಪನಿ ಮೇಲೂ ಎಫ್‌ಟಿಸಿ ಇದೇ ವಿಷಯಕ್ಕೆ ಕ್ರಮ ತಗೊಳ್ತು. ಬೇರೆ ಕಡೆ ಕಾನೂನು ಏನೇ ಇರ್ಲಿ, ಮನೆ ಬೇಕಾದ ಮನುಷ್ಯನ ಬಾಯಿಗೆ ಬೀಗ ಹಾಕಿ ಸೈನ್ ಮಾಡಿಸ್ಕೊಳ್ಳೋದು ನನಗೆ ಸರಿ ಕಾಣಲ್ಲ.

ಹಾಗಾದ್ರೆ ಒಳ್ಳೆ ರಿವ್ಯೂ ಬರೋದು ಹೆಂಗೆ? ಕೇಳಿ, ಕೇಳೋದ್ರಲ್ಲಿ ತಪ್ಪೇನಿಲ್ಲ. ನಾವು ಮಾಡೋದು, ಟಿಕೆಟ್ ಕ್ಲೋಸ್ ಆದಾಗ ಹೋಗೋ ಮೆಸೇಜಲ್ಲಿ ರಿವ್ಯೂ ಲಿಂಕ್ ಇರತ್ತೆ, ಎಲ್ರಿಗೂ ಒಂದೇ ಲಿಂಕು. ಮೊದ್ಲು "ಖುಷಿ ಆಯ್ತಾ" ಅಂತ ಕೇಳಿ ಹೌದು ಅಂದೋರಿಗೆ ಮಾತ್ರ ಲಿಂಕ್ ಕಳ್ಸೋ ಸಾಫ್ಟ್‌ವೇರ್ ಸಿಗತ್ತೆ, ಅದನ್ನ ಹಾಕ್ಬೇಡಿ, ಗೂಗಲ್ ಪಾಲಿಸಿ ಒಪ್ಪಲ್ಲ. ನಮ್ಮ ಪೇಜಲ್ಲಿ ಈಗ ನಾಲ್ಕು ಸ್ಟಾರ್, ಮೂರು ಸ್ಟಾರ್ ಸುಮಾರಿವೆ, "ಲೀಕ್ ಸರಿ ಮಾಡೋಕೆ ಲೇಟ್ ಆಯ್ತು ಆದ್ರೆ ಪ್ಲಂಬರ್ ಟೈಲ್ಸ್ ಒಡೀದೆ ಮಾಡಿದ್ರು" ಅನ್ನೋ ಥರದ್ದು. ಮನೆ ನೋಡೋಕೆ ಬರೋರು ಇದನ್ನ ಓದ್ಕೊಂಡೇ ಬಂದು "ಆ ಲೀಕ್ ಯಾವ ಲೈನಲ್ಲಿ ಆಗಿದ್ದು" ಅಂತ ಕೇಳ್ತಾರೆ, ನಾವು ಹೇಳ್ತೀವಿ.

ನೀವು ಬಾಡಿಗೆದಾರರಾಗಿದ್ರೆ ನಿಮಗೂ ಒಂದು ರಿಕ್ವೆಸ್ಟು. ಹೆಸರು ಹಾಕೋದು ಬೇಡ ಅಂದ್ರೆ ಬೇಡ, ಆದ್ರೆ ಯಾವ ತಿಂಗಳು, ಬಿಲ್ಡಿಂಗಿನ ಯಾವ ಭಾಗ, ಏನು ಕೆಟ್ಟಿತ್ತು, ಎಷ್ಟು ಸಲ ಹೇಳಿದ್ರಿ, ಇಷ್ಟು ಬರೀರಿ. "ವರ್ಸ್ಟ್" ಅಂತ ಒಂದೇ ಪದ ಬರೆದ್ರೆ ನಮ್ಮಂಥೋರು ರಿಜಿಸ್ಟರಲ್ಲಿ ಏನನ್ನ ಹುಡುಕೋದು, ಅದು ಸುಲಭವಾಗಿ ಫೇಕ್ ಲಿಸ್ಟಿಗೆ ಸೇರ್ಬಿಡತ್ತೆ.

ಇನ್ನೊಂದು, ಅಸೋಸಿಯೇಷನ್‌ನೋರಿಗೆ. ಬಿಸಿನೆಸ್ ಪೇಜಿನ ಓನರ್ ಲಾಗಿನ್ ಯಾರ ಹತ್ರ ಇದೆ ಅಂತ ಇವತ್ತೇ ನೋಡಿ. ಸುಮಾರು ಕಡೆ ಅದು ಹಳೇ ಏಜೆನ್ಸಿಯ ಯಾವ್ದೋ ಕೆಲಸ ಬಿಟ್ಟೋರ ಮೇಲ್ ಐಡಿಲಿ ಇರತ್ತೆ, ಫೇಕ್ ರಿವ್ಯೂ ಬಂದ ದಿನ ಉತ್ತರ ಕೊಡೋಕೂ ಆಗಲ್ಲ, ಅಪೀಲ್ ಮಾಡೋಕೂ ಆಗಲ್ಲ. ಓನರ್‌ಶಿಪ್ ಅಸೋಸಿಯೇಷನ್ ಹೆಸರಿನ ಮೇಲ್‌ಗೆ ವರ್ಗಾಯಿಸ್ಕೊಂಡು, ಏಜೆನ್ಸಿಗೆ ಮ್ಯಾನೇಜರ್ ಆಕ್ಸೆಸ್ ಮಾತ್ರ ಕೊಡಿ.