ಟೆಂಪ್ಲೇಟಿನ ಶಿಸ್ತು
ಈಚೆಗೆ ಸಂಸ್ಥೆಯ ಪ್ರೆಸೆಂಟೇಶನ್‌ಗಳನ್ನು ಎಐ ಸಹಾಯಕದ ನೆರವಿನಿಂದ ಸಿದ್ಧಪಡಿಸುತ್ತಿದ್ದೇನೆ. ಸ್ಲೈಡಿನ ಅಂದಕ್ಕಿಂತ ಅದರ ಹಿಂದಿರುವ ಟೆಂಪ್ಲೇಟಿನ ಶಿಸ್ತೇ ಮುಖ್ಯವೆಂಬುದು ಈ ಕೆಲಸದಲ್ಲಿ ನನಗೆ ದಿನೇದಿನೇ ಹೆಚ್ಚು ಮನವರಿಕೆಯಾಗುತ್ತಿದೆ.

ಪವರ್‌ಪಾಯಿಂಟಿನ ಥೀಮಿನಲ್ಲಿ (ಇಡೀ ಪ್ರೆಸೆಂಟೇಶನ್ನಿನ ಬಣ್ಣ, ಅಕ್ಷರಶೈಲಿಗಳನ್ನು ಒಂದೆಡೆ ನಿಗದಿಪಡಿಸುವ ವ್ಯವಸ್ಥೆ) ಒಟ್ಟು 12 ಬಣ್ಣಗಳಿಗೆ ಜಾಗವಿದೆ: ಪಠ್ಯಕ್ಕೂ ಹಿನ್ನೆಲೆಗೂ ಸೇರಿ 4, ಒತ್ತು ಕೊಡಲು 6, ಲಿಂಕುಗಳಿಗೆ 2. ‘ನಮ್ಮ ನೀಲಿ ಬಣ್ಣ ಬಳಸು’ ಎಂದಷ್ಟೇ ಹೇಳಿದರೆ ಸಹಾಯಕವು ತನಗೆ ತೋಚಿದ ನೀಲಿಯನ್ನು ಆಕೃತಿಗೆ ನೇರವಾಗಿ ತುಂಬಿಬಿಡಬಹುದು. ನೋಡಲು ಅದು ಸರಿಯೆನಿಸಿದರೂ, ನಾಳೆ ಥೀಮಿನ ಬಣ್ಣ ಬದಲಾದಾಗ ಆ ಆಕೃತಿ ಮಾತ್ರ ಹಳೆಯ ಬಣ್ಣದಲ್ಲೇ ಉಳಿಯುತ್ತದೆ. ಆದ್ದರಿಂದ ಮೂಲ ಟೆಂಪ್ಲೇಟ್ ಕಡತವನ್ನೇ ಅದಕ್ಕೆ ಕೊಟ್ಟು, ಸ್ಲೈಡ್ ಮಾಸ್ಟರಿನಲ್ಲಿರುವ (ಎಲ್ಲ ಸ್ಲೈಡುಗಳ ವಿನ್ಯಾಸವನ್ನು ನಿಯಂತ್ರಿಸುವ ಮೂಲ ಸ್ಲೈಡ್) ಲೇಔಟುಗಳನ್ನೂ ಥೀಮ್ ಬಣ್ಣಗಳನ್ನೂ ಮಾತ್ರ ಬಳಸಬೇಕೆಂದು, ಶೀರ್ಷಿಕೆಯನ್ನು ಹೊಸ ಪಠ್ಯಪೆಟ್ಟಿಗೆಯಲ್ಲಿ ಬರೆಯದೆ ಅದಕ್ಕೆಂದೇ ಮೀಸಲಾದ ಚೌಕಟ್ಟಿನಲ್ಲಿ ಇರಿಸಬೇಕೆಂದು ಸ್ಪಷ್ಟವಾಗಿ ಸೂಚಿಸುತ್ತೇನೆ. ಆಗ ಸಿಗುವ ಫಲಿತಾಂಶವೇ ಬೇರೆ.

ಲೋಗೊ ಮಾಸ್ಟರಿನಲ್ಲೇ ಇರಬೇಕು. ಈ ವಿಷಯದಲ್ಲಿ ನನ್ನದು ರಾಜಿಯಿಲ್ಲದ ನಿಲುವು. ಚಾರ್ಟುಗಳನ್ನು ಚಿತ್ರವಾಗಿ ಅಂಟಿಸದೆ, ಅಂಕಿಗಳನ್ನು ತಿದ್ದಬಹುದಾದ ನಿಜವಾದ ಚಾರ್ಟುಗಳಾಗಿಯೇ ಕೇಳುತ್ತೇನೆ. ಬ್ರ್ಯಾಂಡಿನ ತಿಳಿಬಣ್ಣದ ಮೇಲೆ ಬಿಳಿ ಅಕ್ಷರ ಬಂದಲ್ಲಿ, ಸಾಮಾನ್ಯ ಗಾತ್ರದ ಪಠ್ಯಕ್ಕೆ ವೆಬ್ ಸುಗಮ್ಯತೆಯ ಮಾನದಂಡ ಹೇಳುವ ಕನಿಷ್ಠ 4.5:1 ಕಾಂಟ್ರಾಸ್ಟ್ (ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ) ಇದೆಯೇ ಎಂದು ನಾನೇ ಪರಿಶೀಲಿಸುತ್ತೇನೆ. ಹಿಂದಿನ ಸಾಲಿನಲ್ಲಿ ಕುಳಿತವರಿಗೂ ಓದಲು ಬರಬೇಕಲ್ಲವೇ?

ಅಕ್ಷರದ ಗಾತ್ರ, ಅಂಚಿನ ಅಳತೆ ಸರಿಪಡಿಸುವುದರಲ್ಲಿ ಕಳೆಯುತ್ತಿದ್ದ ಹೊತ್ತನ್ನು ಈಗ ಯಾವ ಸ್ಲೈಡ್ ಬೇಕು, ಯಾವುದು ಬೇಡ ಎಂಬ ವಿಚಾರಕ್ಕೆ ಕೊಡಲು ಸಾಧ್ಯವಾಗಿರುವುದು ನನಗೆ ನಿಜವಾದ ಸಂತಸ ತಂದಿದೆ. ಆ ಆಯ್ಕೆಯನ್ನು ಮಾತ್ರ ನಾನಿನ್ನೂ ಸಹಾಯಕಕ್ಕೆ ಬಿಟ್ಟುಕೊಟ್ಟಿಲ್ಲ.