ಏಳು ಜನರ ಆಟಕ್ಕೆ ಬಂದ ದ್ಯುಪೋಂ

ವಿಮಾನ ಕಂಪನಿಯೊಂದರ ಕೆಲಸಕ್ಕೆಂದು ಬೆಂಗಳೂರಿನಿಂದ ಫ್ರಾನ್ಸಿನ ಟುಲೂಸ್‌ಗೆ ಬಂದಾಗ ನನಗೆ ರಗ್ಬಿಯ ಗಂಧಗಾಳಿಯೂ ಇರಲಿಲ್ಲ. ಆದರೆ ಒಂದು ಹೆಸರು ಬಹುಬೇಗ ಬಾಯಿಪಾಠವಾಯಿತು: ರಗ್ಬಿ ಆಟಗಾರ ಆಂತ್ವಾನ್ ದ್ಯುಪೋಂ. ಬ್ರೆಡ್ ಅಂಗಡಿಯಲ್ಲಿ, ಮೆಟ್ರೊದಲ್ಲಿ, ಕಚೇರಿಯ ಕಾಫಿ ಯಂತ್ರದ ಮುಂದೆ ಅವನದೇ ಮಾತು. ಪಿರನೀಸ್ ಬೆಟ್ಟಸಾಲಿನ ತಪ್ಪಲಿನ ಸಣ್ಣ ಊರಿನ ಹುಡುಗ, ನಮ್ಮವನು ಎನ್ನುತ್ತಿದ್ದರು.

2024ರ ಜುಲೈ 27ರ ಸಂಜೆ ಪಕ್ಕದ ಮನೆಯ ಹಿರಿಯರು ನನ್ನನ್ನು ಕರೆದು ಟಿ.ವಿ. ಮುಂದೆ ಕೂರಿಸಿದರು. ಪ್ಯಾರಿಸ್ ಒಲಿಂಪಿಕ್ಸ್‌ನ ರಗ್ಬಿ ಸೆವೆನ್ಸ್ ಫೈನಲ್. ಎದುರಾಳಿ ಫಿಜಿ, ಹಿಂದಿನ ಎರಡೂ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು, ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಸೋಲದ ತಂಡ.

ದ್ಯುಪೋಂ ಹದಿನೈದು ಜನರ ರಗ್ಬಿಯ ಸ್ಕ್ರಮ್ ಹಾಫ್. ಮೈಮೇಲೆ ಮೈ ಬಿದ್ದ ರಾಶಿಯ ಬುಡದಿಂದ ಚೆಂಡನ್ನೆತ್ತಿ, ಎಸೆಯುವುದೋ ಒದೆಯುವುದೋ ತಾನೇ ನುಗ್ಗುವುದೋ ಎಂದು ಕಣ್ಣುಮಿಟುಕಿಸುವಷ್ಟರಲ್ಲಿ ತೀರ್ಮಾನಿಸುವವನು. ತಂಡಕ್ಕೆ ಬೇಕಾದರೆ, ಅವನಿಂದ ಚೆಂಡು ಪಡೆದು ದಾಳಿ ನಡೆಸುವ ಫ್ಲೈ ಹಾಫ್ ಜಾಗದಲ್ಲೂ ನಿಲ್ಲುತ್ತಾನೆ. ಸೆವೆನ್ಸ್‌ನ ರೀತಿಯೇ ಬೇರೆ. ಅದೇ ದೊಡ್ಡ ಮೈದಾನ, ಕಬಡ್ಡಿಯಂತೆ ಏಳೇ ಜನ, ಏಳೇಳು ನಿಮಿಷದ ಎರಡು ಅವಧಿ. ಓಡಿ ಓಡಿ ಎದೆ ಒಡೆಯಬೇಕು. 2021ರಲ್ಲಿ ವಿಶ್ವದ ಶ್ರೇಷ್ಠ ಆಟಗಾರ ಎನಿಸಿಕೊಂಡವನು ಈ ಆಟ ಕಲಿಯಲೆಂದು 2024ರ ಸಿಕ್ಸ್ ನೇಷನ್ಸ್ ಎಂಬ ಯುರೋಪಿನ ಆರು ತಂಡಗಳ ಟೂರ್ನಿಯನ್ನೇ ಬಿಟ್ಟಿದ್ದ. ನಡುವೆ ಮೇ ತಿಂಗಳಲ್ಲಿ ಅವನ ಕ್ಲಬ್ ಟುಲೂಸ್ ಯುರೋಪಿನ ಚಾಂಪಿಯನ್ ಆಯಿತು. ಜೂನ್‌ನಲ್ಲಿ ಬೋರ್ಡೋ ತಂಡವನ್ನು 59-3ರಿಂದ ಸೋಲಿಸಿ ಫ್ರಾನ್ಸಿನ ಪ್ರಶಸ್ತಿಯನ್ನೂ ಗೆದ್ದಿತು. ಎರಡರಲ್ಲೂ ಅವನಿದ್ದ.

ಹಾಗಿದ್ದೂ ಫೈನಲ್ ಶುರುವಾದಾಗ ಅವನು ಬೆಂಚಿನ ಮೇಲಿದ್ದ. ನನಗೆ ಸಿಟ್ಟೇ ಬಂತು. ಹಿರಿಯರು ಮಾತ್ರ ಅವನ ತಾಳ್ಮೆಯನ್ನು ತಾವೇ ಹೊತ್ತವರಂತೆ ಕೂತಿದ್ದರು. ವಿರಾಮಕ್ಕೆ 7-7.

ಎರಡನೇ ಅವಧಿಗೆ ಬಂದವನೇ ಚೆಂಡು ಹಿಡಿದು ಎಡಗೆರೆಯ ಪಕ್ಕದಲ್ಲಿ ಓಡಿದ. ಕುಳ್ಳ ದೇಹ, ಗಟ್ಟಿ ತೊಡೆ. ಹಿಡಿಯಲು ಬಂದವರು ಹಿಂದುಳಿದರು. ಕೊನೆಯಲ್ಲಿ ತಾನೇ ಮುಗಿಸುವ ಆಸೆಗೆ ಬೀಳದೆ ಜೊತೆಗಾರನಿಗೆ ಎಸೆದ. ಅವನು ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತಿದ. ಟ್ರೈ! ಆ ಎಸೆತವೇ ನನಗೆ ಇಂದಿಗೂ ಇಷ್ಟ. ಆಮೇಲೆ ಅವನೇ ಎರಡು ಟ್ರೈ ಗಳಿಸಿದ. 28-7. ತವರಿನ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿಗೆ ಮೊದಲ ಚಿನ್ನ. ಕಿಟಕಿಯಾಚೆ ಬೀದಿಯುದ್ದಕ್ಕೂ ಕಾರುಗಳ ಹಾರನ್. ಹಿರಿಯರು ನನ್ನ ಭುಜ ಹಿಡಿದು ಅಲುಗಾಡಿಸುತ್ತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು.

2025ರ ಮಾರ್ಚ್‌ನಲ್ಲಿ ಅದೇ ಸೋಫಾದ ಮೇಲೆ ಕೂತು ಡಬ್ಲಿನ್‌ನ ಸಿಕ್ಸ್ ನೇಷನ್ಸ್ ಪಂದ್ಯ ನೋಡಿದೆವು. ಮೊದಲ ಅವಧಿಯಲ್ಲೇ ಅವನ ಬಲ ಮೊಣಕಾಲು ಹೋಯಿತು. ಐರ್ಲೆಂಡ್ ವಿರುದ್ಧ ಫ್ರಾನ್ಸ್ 42-27ರಿಂದ ಗೆದ್ದಿತು. ಆ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ.