ಮುಂದಕ್ಕೆ ಹಾಕಿದರೆ ಹಿಂದಕ್ಕೆ ಹೋಗುವ ಗಾಡಿ

ಅಟ್ಲಾಂಟಾದಿಂದ ದಕ್ಷಿಣಕ್ಕಿರುವ ಪೀಚ್‌ಟ್ರೀ ಸಿಟಿಯಲ್ಲಿ ಗಾಲ್ಫ್ ಆಡದವರ ಮನೆಯಲ್ಲೂ ಗಾಲ್ಫ್ ಕಾರ್ಟ್ ಇರುತ್ತದೆ. ಕಾರ್ಟ್ ಓಡಾಡಲು ಸುಮಾರು 100 ಮೈಲಿ ದಾರಿ ಇದೆ. ಅಂಗಡಿಗೂ ಅದರಲ್ಲೇ, ಹೈಸ್ಕೂಲ್ ಮಕ್ಕಳು ಶಾಲೆಗೂ ಅದರಲ್ಲೇ. ನಾನೂ ಒಂದು ಕೊಂಡೆ. 1988ರ ಈಝೀ-ಗೋ ಮ್ಯಾರಥಾನ್, ಇದೇ ಜಾರ್ಜಿಯಾದ ಅಗಸ್ಟಾದ್ದು. ನೆಂಟರ ಮನೆಯಿಂದ ಬಂದಷ್ಟು ಹತ್ತಿರ. ಆದರೆ ಓಡುತ್ತಿರಲಿಲ್ಲ.

ಸೀಟು ಎತ್ತಿ ನೋಡಿದರೆ ಆರು ಬ್ಯಾಟರಿ, ಒಂದೊಂದೂ 6 ವೋಲ್ಟ್, ಸಾಲಾಗಿ ಜೋಡಿಸಿ ಒಟ್ಟು 36. ಟರ್ಮಿನಲ್ ಮೇಲೆಲ್ಲ ಹಸಿರು ಹಿಟ್ಟು. ಹಿಂದೆ ಇದ್ದವರು ಯಾರೋ ಹೆಡ್‌ಲೈಟಿಗೆ 12 ವೋಲ್ಟ್ ಬೇಕು ಅಂತ ಎರಡೇ ಬ್ಯಾಟರಿಯಿಂದ ವೈರ್ ಎಳೆದಿದ್ದರು. ಲೈಟ್ ಉರಿದಷ್ಟೂ ಆ ಎರಡೇ ಖಾಲಿ. ಚಾರ್ಜರ್‌ಗೆ ಅದು ಗೊತ್ತಾಗುವುದಿಲ್ಲ, ಆರಕ್ಕೂ ಒಂದೇ ಸಮ ಚಾರ್ಜ್ ಮಾಡುತ್ತದೆ. ಮೀಟರ್ ಇಟ್ಟು ನೋಡಿದಾಗ ಸತ್ತಿದ್ದೂ ಅವೆರಡೇ! ಹಳೇ ನಾಲ್ಕರ ಜೊತೆ ಹೊಸ ಎರಡು ಹಾಕಿದರೆ ಹೊಸವೂ ಬೇಗ ಹಾಳಾಗುತ್ತವೆ, ಹಾಗಾಗಿ ಆರೂ ಬದಲಾಯಿಸಿದೆ. ಒಂದೊಂದು 28 ಕಿಲೋ. ಸೊಂಟ ಈಗಲೂ ನೆನಪಿಸುತ್ತದೆ.

ವೈರಿಂಗ್ ಪೂರ್ತಿ ಕಿತ್ತೆ. ಕೈಯಲ್ಲಿದ್ದ ಉಂಗುರ ಮೊದಲೇ ತೆಗೆದಿಟ್ಟು, ಸ್ಪ್ಯಾನರ್ ಹಿಡಿಗೆ ಟೇಪ್ ಸುತ್ತಿ, ಒಂದೊಂದು ಕೇಬಲ್ಲಿಗೂ ಕಾಗದದ ಟೇಪ್ ಅಂಟಿಸಿ ನಂಬರ್ ಬರೆದೆ. ಫೋಟೋ ಯಾಕೆ ತೆಗೆಯಲಿಲ್ಲ ಅಂತ ಕೇಳಬೇಡಿ. ಕಂಬಿಯಂತೆ ಬಿಗಿದುಕೊಂಡಿದ್ದ ಹಳೇ ಕೇಬಲ್ ಜಾಗಕ್ಕೆ ಕಿರುಬೆರಳು ದಪ್ಪದ ವೆಲ್ಡಿಂಗ್ ಕೇಬಲ್ ತಂದು, ತುದಿಗೆ ಬೋಲ್ಟ್ ಕೂರುವ ಲಗ್ ಹಾಕಿದೆ. ವೇಗದ ಹತೋಟಿಗೆ ಎಲೆಕ್ಟ್ರಾನಿಕ್ ಕಂಟ್ರೋಲರ್ ಹಾಕು ಅಂದವರಿದ್ದರು. ನನಗೆ ಕರೆಂಟ್ ತಡೆಯುವ ಹಳೇ ರೆಸಿಸ್ಟರ್ ಕಾಯಿಲ್ಲೇ ಇಷ್ಟವಾಯಿತು. ಪೆಡಲ್ ಒತ್ತುತ್ತಾ ಹೋದಂತೆ ಒಂದೊಂದೇ ಕಾಯಿಲ್ ದಾಟಿ ಕರೆಂಟ್ ಜಾಸ್ತಿ ಆಗುತ್ತದೆ. ನಿಧಾನ ಹೋದರೆ ಬ್ಯಾಟರಿಯ ಅರ್ಧ ಶಕ್ತಿ ಕಾಯಿಲ್ಲಿನ ಬಿಸಿಯಾಗಿಯೇ ಹೋಗುತ್ತದೆ, ಶುದ್ಧ ದಂಡ, ಆದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ ಅಲ್ವಾ?

ಮತ್ತೆ ಜೋಡಿಸುವ ಹೊತ್ತಿಗೆ ಫಾರ್ವರ್ಡ್-ರಿವರ್ಸ್ ಸ್ವಿಚ್ಚಿನ ನಾಲ್ಕು ಟೇಪಿನಲ್ಲಿ ಎರಡು ಉದುರಿ ಹೋಗಿದ್ದವು. ಅಂದಾಜಿನ ಮೇಲೆ ಹಾಕಿದೆ. ಹಿಂದಿನ ಚಕ್ರ ಜಾಕ್ ಮೇಲೆ ಎತ್ತಿ, ಪೆಡಲ್ ಸ್ವಲ್ಪವೇ ಒತ್ತಿದೆ. ಇಂಥ ಮೋಟಾರಿಗೆ ಭಾರವಿಲ್ಲದಾಗ ಪೂರ್ತಿ ಒತ್ತಿದರೆ ವೇಗ ಮಿತಿಮೀರಿ ತನ್ನನ್ನೇ ಹಾಳು ಮಾಡಿಕೊಳ್ಳುತ್ತದೆ. ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚು, ಸೊಲೆನಾಯ್ಡ್, ಟಕ್ ಅಂದಿತು. ಚಕ್ರ ತಿರುಗಿತು. ಮಗ ಚಪ್ಪಾಳೆ ಹೊಡೆದ. ಸ್ವಿಚ್ ಫಾರ್ವರ್ಡ್‌ನಲ್ಲಿತ್ತು, ಚಕ್ರ ತಿರುಗುತ್ತಿದ್ದದ್ದು ಹಿಂದಕ್ಕೆ.

ಅಪ್ಪನದು ಹಿರಿಯೂರಿನಲ್ಲಿ ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿ. ಮೋಟಾರ್ ಉಲ್ಟಾ ತಿರುಗಿದರೆ ಎರಡು ವೈರ್ ಅದಲು ಬದಲು ಮಾಡು, ಮುಗೀತು, ಇದು ನಾನು ಚಡ್ಡಿ ಹಾಕುವ ಕಾಲದಲ್ಲೇ ಕೇಳಿದ ಮಾತು. ಸರಿ, ಬ್ಯಾಟರಿಯಿಂದ ಬರುವ ಪ್ಲಸ್, ಮೈನಸ್ ಎರಡನ್ನೂ ಅದಲು ಬದಲು ಮಾಡಿದೆ. ಮತ್ತೆ ಹಿಂದಕ್ಕೇ! ಪುಣ್ಯಕ್ಕೆ ಹಳೇ ಸೊಲೆನಾಯ್ಡಿಗೆ ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡ್ ಇರಲಿಲ್ಲ, ಇದ್ದಿದ್ದರೆ ಸುಟ್ಟ ವಾಸನೆಯೇ ಬರುತ್ತಿತ್ತು.

ಅಲ್ಲಿ ಬೆಳಗಾಗುವ ತನಕ ಕಾದು ವಿಡಿಯೋ ಕಾಲ್ ಮಾಡಿದೆ. ಅಪ್ಪ ಕನ್ನಡಕ ಮೇಲೆ ಸರಿಸಿ, ಕ್ಯಾಮೆರಾ ಮೋಟಾರ್ ಹತ್ತಿರ ಹಿಡಿ ಅಂದರು.

"ಲೋ, ಇದು ನಮ್ಮ ಪಂಪ್‌ಸೆಟ್ ಥರ ತ್ರೀ ಫೇಸ್ ಅಲ್ಲ ಕಣೋ. ಇದರಲ್ಲಿ ಸುತ್ತ ಕೂತಿರೋ ಫೀಲ್ಡ್ ಕಾಯಿಲ್ಲೂ ಮಧ್ಯೆ ತಿರುಗೋ ಆರ್ಮೇಚರೂ ಒಂದರ ಹಿಂದೆ ಒಂದಿದಾವೆ. ಬ್ಯಾಟರಿ ವೈರ್ ತಿರುಗಿಸಿದ್ರೆ ಎರಡರಲ್ಲೂ ಕರೆಂಟ್ ಉಲ್ಟಾ ಆಗುತ್ತೆ, ಅಲ್ಲಿಗೆ ಮತ್ತೆ ಅದೇ ಆಯ್ತು. ಬರೀ ಫೀಲ್ಡಿನ ವೈರ್ ತಿರುಗಿಸು."

"ಮತ್ತೆ ಚಿಕ್ಕವನಿದ್ದಾಗ ಎರಡು ವೈರ್ ಅಂದಿದ್ರಲ್ಲಪ್ಪಾ?"

"ಯಾವ ಎರಡು ಅಂತ ನೀನು ಕೇಳಲೇ ಇಲ್ಲ. ಆಟಕ್ಕೆ ಓಡ್ತಿದ್ದೆ."

ಬ್ಯಾಟರಿ ವೈರ್ ಮೊದಲಿನಂತೆ ಹಾಕಿ, ಫೀಲ್ಡಿನ ಎರಡು ಕೇಬಲ್ ಅದಲು ಬದಲು ಮಾಡಿದೆ. ಐದು ನಿಮಿಷದ ಕೆಲಸ. ಜಾಕ್ ಇಳಿಸಿ ಮಗನನ್ನು ಕೂರಿಸಿಕೊಂಡು ಬೀದಿ ಕೊನೆಯವರೆಗೆ ಹೋದೆ, ಅಪ್ಪ ಫೋನಿನಲ್ಲೇ ಜೊತೆಗಿದ್ದರು. ಏರಿನಲ್ಲಿ ಕಾಯಿಲ್ ಬಿಸಿಯ ವಾಸನೆ ಬಂತು.

"ಎಷ್ಟು ಸ್ಪೀಡೋ?"

"ಗಂಟೆಗೆ 12 ಮೈಲಿ ಹೋದ್ರೆ ಜಾಸ್ತಿ."

"ಇಷ್ಟಕ್ಕಾ ಸೊಂಟ ಮುರ್ಕೊಂಡಿದ್ದು? ಸರಿ, ರಿವರ್ಸ್ ತೋರಿಸು."

ತೋರಿಸಿದೆ.